ಹಾರ ಹಾಕಿದ ಕೈ

"ಬುದ್ಧೀ, ಗೊತ್ತಿಲ್ಲದೆ ಒಬ್ಬರ ಮನಸ್ಸು ನೋಯಿಸಿದವನು ಮತ್ತೆ ಅದೇ ಜಾಗಕ್ಕೆ ಹೋಗಬೇಕೆ, ದೂರವೇ ಉಳಿಯಬೇಕೆ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠದಲ್ಲಿ ಊಟ ಬಡಿಸುವ ಶಿಷ್ಯ. ನಾಲ್ಕು ದಿನದ ಹಿಂದೆ ಒಬ್ಬ ಮುದುಕ ಎರಡನೆಯ ಸಲ ಊಟಕ್ಕೆ ಕುಳಿತಿದ್ದಾನೆಂದು ತಿಳಿದು, ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದ. ಆಮೇಲೆ ತಿಳಿಯಿತು, ಮುದುಕ ಅಂದು ಆಗಷ್ಟೇ ಬಂದವನು, ಇನ್ನೂ ಉಂಡೇ ಇರಲಿಲ್ಲ. ಅವನೇನೋ ಮರುದಿನದಿಂದ ಎಂದಿನಂತೆ ಪಂಕ್ತಿಗೆ ಬರುತ್ತಿದ್ದ. ಚನ್ನವೀರನೇ ಅತ್ತ ಸುಳಿದಿರಲಿಲ್ಲ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೂತುಕೋ. ಮುಖ ಆಮೇಲೆ ಬಾಡಿಸಿಕೊಳ್ಳುವೆಯಂತೆ, ಮೊದಲು ಇದನ್ನು ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಮೂವತ್ತು ವರ್ಷ ಅವನು ಕಟ್ಟು ಹಾಕಿದ್ದು ದೇವರಿಗೆ ಮತ್ತು ಸತ್ತವರಿಗೆ. ದೇವರಿಗೆ ಬಂಗಾರದ ಬಣ್ಣದ ಕಟ್ಟು. ಸತ್ತವರಿಗೆ ಕರಿಯ ಕಟ್ಟು, ಮೇಲೊಂದು ಗಂಧದ ಚಕ್ಕೆಯ ಹಾರ. ಅವನ ಅಂಗಡಿಗೆ ಜನ ಕೈಮುಗಿದುಕೊಂಡು ಬರುತ್ತಿದ್ದರು, ಇಲ್ಲವೇ ಕಣ್ಣೊರೆಸಿಕೊಂಡು ಬರುತ್ತಿದ್ದರು. ಸುಮ್ಮನೆ ನಗುತ್ತಾ ಬಂದವರನ್ನು ಅವನು ಕಂಡದ್ದೇ ಕಡಿಮೆ, ಪಾಪ.

ಅದೇ ಬೀದಿಯ ಕೊನೆಗೆ, ಬಸ್ ನಿಲ್ದಾಣದ ಎದುರು, ಊರವರೇ ಸೇರಿ ಒಂದು ಚಿತ್ರಶಾಲೆ ನಡೆಸುತ್ತಿದ್ದರು. ದೊಡ್ಡದೇನಲ್ಲ, ಎರಡು ಕೋಣೆ. ಟಿಕೆಟ್ಟಿಲ್ಲ, ಮಾರಾಟವಿಲ್ಲ, ಯಾರಿಗೂ ಸಂಬಳವಿಲ್ಲ. ಒಬ್ಬರು ಬೀಗ ತೆಗೆಯುವರು, ಇನ್ನೊಬ್ಬರು ಕಸ ಗುಡಿಸುವರು. ಊರಿನವರು ಯಾರು ಏನು ಬರೆದು ತಂದರೂ ಗೋಡೆಯ ಮೇಲೆ ಜಾಗವಿತ್ತು. ಅಲ್ಲಿಯ ಕಟ್ಟಳೆ ಒಂದೇ. ಚಿತ್ರವನ್ನು ಗೋಡೆಗೆ ಏರಿಸಿದವನೇ ಅದಕ್ಕೆ ಹೊಣೆ. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಒಂದು ದಿನ ಕಟ್ಟು ಹಾಕುವವನು ಒಳಗೆ ಹೋಗಿ ನೋಡಿದ. ಜನ ಚಿತ್ರಗಳ ಮುಂದೆ ನಿಂತು ನಗುತ್ತಿದ್ದರು, ವಾದ ಮಾಡುತ್ತಿದ್ದರು. ಚಿತ್ರಗಳೋ, ದಾರದಲ್ಲಿ ಜೋತು ಸೊಟ್ಟಗಾಗಿದ್ದವು. ಅವನ ಕೈ ತಡೆಯಲಿಲ್ಲ. ನಾನು ಕಟ್ಟು ಹಾಕಿಕೊಡಲೇ ಎಂದ. ಬೇಡ ಅನ್ನುವವರು ಯಾರು? ಅಂದಿನಿಂದ ಅಲ್ಲಿಯ ಸುತ್ತಿಗೆ, ಮೊಳೆ ಅವನ ಪಾಲಿಗೆ ಬಂದವು. ಸಂಜೆ ಅಂಗಡಿ ಮುಚ್ಚಿ ನೇರ ಅಲ್ಲಿಗೆ ಹೋಗುವನು. ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಹೀಗಿರಲು ಒಬ್ಬ ಹೆಂಗಸು, ರೊಟ್ಟಿ ಮಾಡಿ ಬದುಕುವವಳು, ಒಂದು ಚಿತ್ರ ತಂದಿಟ್ಟು ಹೋದಳು. ಇದ್ದಲಿನಲ್ಲಿ ಬರೆದ ಗಂಡಸಿನ ಮುಖ. ಕಟ್ಟು ಹಾಕುವವನು ಸಂಜೆ ಬಂದು ನೋಡಿದ. ಯಾರೆಂದು ಕೇಳಲಿಲ್ಲ. ಮೂವತ್ತು ವರ್ಷದ ರೂಢಿ, ಕೈ ತಾನಾಗಿ ಕರಿಯ ಕಟ್ಟು ಎತ್ತಿಕೊಂಡಿತು. ಮೊಳೆ ಹೊಡೆದು ಏರಿಸಿದ. ಬಡವಳು, ಎಲ್ಲಿಂದ ತರಬೇಕು ಎಂದು ಮರುಗಿ, ಅಂಗಡಿಯಲ್ಲಿದ್ದ ಒಳ್ಳೆಯ ಗಂಧದ ಹಾರವನ್ನೇ ತಂದು ಹಾಕಿದ. ಅಯ್ಯೋ, ಅದೆಷ್ಟು ಪ್ರೀತಿಯಿಂದ ಹಾಕಿದ!

ಮರುದಿನ ಹೆಂಗಸು ಬಂದಳು. ಹಾರ ನೋಡಿ ಬಾಗಿಲಲ್ಲೇ ನಿಂತಳು.

"ಅಣ್ಣಾ, ಸುದ್ದಿ ಯಾವಾಗ ಬಂತು?" ಎಂದಳು. "ಯಾರು ತಂದರು? ನನಗೆ ಯಾಕೆ ಯಾರೂ ಹೇಳಲಿಲ್ಲ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅಲ್ಲಿದ್ದವರು ಹೇಳಿದರು. ಅವಳ ಗಂಡ ಬೋರ್‌ವೆಲ್ ಲಾರಿಯ ಜೊತೆ ಪರವೂರಿಗೆ ಕೆಲಸಕ್ಕೆ ಹೋಗಿ ಮೂರು ವರ್ಷ. ಸುದ್ದಿಯಿಲ್ಲ. ನೆಂಟರು ಕುಂಕುಮ ಅಳಿಸಿಕೋ ಎನ್ನುತ್ತಿದ್ದರು, ಅವಳು ಕೇಳಿರಲಿಲ್ಲ. ಗಂಡನ ಒಂದು ಫೋಟೋ ಕೂಡ ಇರಲಿಲ್ಲ. ಅದಕ್ಕೇ ನೆನಪಿನಿಂದ ಬರೆದಿದ್ದಳು. ಬಸ್ಸಿಳಿದು ಒಳಗೆ ಬಂದವರು ಯಾರಾದರೂ ಇವನನ್ನು ಎಲ್ಲೋ ನೋಡಿದ್ದೇನೆ ಅಂದಾರು ಎಂಬುದೊಂದೇ ಆಸೆ.

ಕಟ್ಟು ಹಾಕುವವನು ಗೋಡೆಯತ್ತ ಧಾವಿಸಿದ. ಹಾರ ಕಿತ್ತು ಜೇಬಿಗೆ ತುರುಕಿದ. ಚಿತ್ರ ಇಳಿಸಿ, ಅವಳ ಕಣ್ಣಿಗೆ ಆ ಕರಿಯ ಕಟ್ಟು ಬೀಳದಿರಲೆಂದು, ಗೋಡೆಗೆ ಮುಖ ಮಾಡಿ ನೆಲಕ್ಕಿಟ್ಟ. ಹೊರಗೆ ಬಂದವನು ಮತ್ತೆ ಅತ್ತ ಹೋಗಲಿಲ್ಲ. ಕರೆಯಲು ಬಂದವರಿಗೆ, ನನ್ನ ಕೈಗೆ ಸತ್ತವರೇ ಸರಿ, ಬದುಕಿದವರ ಸಹವಾಸ ಬೇಡ ಎಂದ. ಅವನಿಗೆ ಅನ್ನ ಸೇರಲಿಲ್ಲ. ತಾನು ದೂರವಿದ್ದರೆ ಆ ತಾಯಿಗೆ ಅಷ್ಟಾದರೂ ನೆಮ್ಮದಿ ಎಂದುಕೊಂಡ. ನೋಡು, ಒಳ್ಳೆಯವರು ಎಡವುವುದು ಹೀಗೆ.

ಹತ್ತನೆಯ ದಿನ ಅವಳೇ ಅಂಗಡಿಗೆ ಬಂದಳು. ಅವನು ಎದ್ದು ನಿಂತು ಕೈಮುಗಿದ.

"ತಪ್ಪಾಯಿತು ತಾಯಿ. ಇನ್ನು ಆ ಹೊಸಲು ತುಳಿಯುವುದಿಲ್ಲ."

"ನೀವು ತುಳಿಯದಿದ್ದರೆ ನನಗೇನು ಬಂತು?" ಎಂದಳು ಹೆಂಗಸು. "ನಮ್ಮನೆಯವರು ಹತ್ತು ದಿನದಿಂದ ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ನೀವು ಏರಿಸಿದ್ದು ಅಂತ ಯಾರೂ ಮುಟ್ಟುತ್ತಿಲ್ಲ. ಎಷ್ಟು ಬಸ್ಸು ಬಂದವು, ಎಷ್ಟು ಜನ ಇಳಿದು ಹೋದರು! ನಿಮಗೆ ನಾಚಿಕೆಯಾಯಿತು, ಸರಿ ಅಣ್ಣಾ. ಅದಕ್ಕೆ ಅವರನ್ನು ಯಾಕೆ ಬಚ್ಚಿಟ್ಟಿರಿ?"

ಅವನು ಅಂಗಡಿಯ ಕೆಲಸ ಅಲ್ಲಿಗೇ ಬಿಟ್ಟ. ಉಳಿ, ಸುತ್ತಿಗೆ ತೆಗೆದುಕೊಂಡು ಅವಳ ಹಿಂದೆ ನಡೆದ. ಕರಿಯ ಕಟ್ಟು ಬಿಚ್ಚಿದ. ಯಾವ ಬಣ್ಣ ಹಾಕಲಿ ಎಂದು ಈ ಸಲ ಅವಳನ್ನೇ ಕೇಳಿದ. ಅವಳು ಬಣ್ಣವೇ ಬೇಡ ಎಂದಳು. ಬರಿಯ ಮರದ ಕಟ್ಟು ಹಾಕಿ, ಬಸ್ಸಿಳಿದವರಿಗೆ ಮೊದಲು ಕಾಣುವ ಗೋಡೆಗೆ ಏರಿಸಿದ. ಆಮೇಲೆ ದಿನವೂ ಸಂಜೆ ಅದರ ಪಕ್ಕ ಬೆಂಚಿನಲ್ಲಿ ಕುಳಿತು, ಬಂದವರನ್ನೆಲ್ಲ ಕೇಳತೊಡಗಿದ, ಈ ಮುಖ ಎಲ್ಲಾದರೂ ಕಂಡಿದ್ದೀರಾ ಎಂದು. ಕೆಲವರು ಇಲ್ಲವೆಂದರು. ಕೆಲವರು ನಿಂತು ಬಹಳ ಹೊತ್ತು ನೋಡಿದರು. ರೊಟ್ಟಿ ಮುಗಿಸಿ ಅವಳೂ ಬಂದು ಕೂರುವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವನು ಮರಳಿ ಬಂದನೇ, ಬುದ್ಧೀ?" ಎಂದು ಚನ್ನವೀರ ಕೇಳಿದ.

"ಗಂಡನ ಸುದ್ದಿ ನನಗೆ ತಿಳಿಯದಪ್ಪ, ಮರಳಿ ಬಂದದ್ದು ಕಟ್ಟು ಹಾಕುವವನು."