ಸೊಸೆ ಕಾಗೆಯ ಕೊಕ್ಕು

ಬೇವಿನ ಮರದಡಿ ಸತ್ತ ಇಲಿ ಕಂಡ ಸೊಸೆ ಕಾಗೆ, ಕುಲದ ರೂಢಿಯಂತೆ ಬಳಗವನ್ನೆಲ್ಲ ಕೂಗಿ ಕರೆಯಿತು. ತಾನು ಮಾತ್ರ ಕೊಂಬೆಯಲ್ಲಿ ಮರಿಯೊಂದಿಗೆ ಬೇವಿನ ಹಣ್ಣು ತಿನ್ನುತ್ತ ಕುಳಿತಿತು.

"ನಾವು ಮುಟ್ಟಿದ್ದು ನಿನಗೆ ಹೇಸಿಗೆಯೇ?" ಎಂದಿತು ಅತ್ತೆ ಕಾಗೆ.

"ಹೇಸಿಗೆಯಾಗಿದ್ದರೆ ನಿಮ್ಮನ್ನು ಕರೆಯುತ್ತಿದ್ದೆನೇ, ಅತ್ತೆ? ಮಾಂಸ ಕಡಿಮೆ ಮಾಡಿದ್ದೇನೆ, ಅಷ್ಟೇ."

"ಹಣ್ಣು ತಿಂದು ಗಿಳಿಯಾಗುತ್ತಾಳಂತೆ," ಎಂದು ನಾದಿನಿ ಕಾಗೆ ನಕ್ಕಿತು.

ಅತ್ತೆ ನಗಲಿಲ್ಲ. "ನಮ್ಮೆದುರೇ ಒಂದು ತುತ್ತು ನುಂಗು. ಇಲ್ಲದಿದ್ದರೆ ನಿನಗೂ ನಿನ್ನ ಮರಿಗೂ ಈ ಮರದಲ್ಲಿ ಜಾಗವಿಲ್ಲ."

ಬಳಗವೆಲ್ಲ ಇಲಿಯನ್ನು ಬಿಟ್ಟು ಕೊಂಬೆಗೆ ಹಾರಿ, ಸೊಸೆಯನ್ನು ಸುತ್ತುವರಿದು ಅದರ ಕೊಕ್ಕನ್ನೇ ದಿಟ್ಟಿಸಿತು. ಅಷ್ಟರಲ್ಲಿ ಹದ್ದೊಂದು ಎರಗಿ ಇಲಿಯನ್ನು ಹೊತ್ತೊಯ್ದಿತು.

"ನಿನ್ನಿಂದಲೇ ನಮಗೆಲ್ಲ ಉಪವಾಸ," ಎಂದಿತು ಅತ್ತೆ.

"ನನ್ನ ಬಾಯಿ ಕಾಯುವ ಬದಲು ನಿಮ್ಮ ಊಟ ಕಾಯಬೇಕಿತ್ತು, ಅತ್ತೆ," ಎಂದ ಸೊಸೆ ಕೂತಲ್ಲಿಂದ ಕದಲಲಿಲ್ಲ.