ಒಂದು ಹನಿಯೂ ತಾಗದ ಮಡ್‌ಗಾರ್ಡು

ಎರೆಮಣ್ಣಿನ ಸೀಮೆಯ ಒಂದೂರಲ್ಲಿ ದ್ಯಾಮವ್ವ ಅಂತ ಒಬ್ಬ ಬಳೆಗಾರ್ತಿ ಇದ್ದಳು. ಅವಳಿಗೆ ಯಮನೂರಿ ಅಂತ ಒಬ್ಬನೇ ಮಗ. ಗಂಡ ಬೇರೊಬ್ಬಳ ಹಿಂದೆ ಹೋಗುವಾಗ ಒಂದು ಹಳೇ ಮೋಟಾರ್‌ಸೈಕಲ್ಲನ್ನೂ ಈ ಮಗನನ್ನೂ ಬಿಟ್ಟು ಹೋಗಿದ್ದ. ಮೋಟಾರ್‌ಸೈಕಲ್ಲು ಆಗೀಗ ಮಾತು ಕೇಳುತ್ತಿರಲಿಲ್ಲ. ಮಗ ಮಾತ್ರ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಹೇಳಿದ್ದಷ್ಟನ್ನೇ ಕೇಳುತ್ತಿದ್ದ. ದ್ಯಾಮವ್ವ ಸೋತದ್ದೇ ಅಲ್ಲಿ.

ಮಗ ಗಾಡಿ ಹೊಡೆಯೋದು, ತಾಯಿ ಬಳೆಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರೋದು, ಹಳ್ಳಿ ಹಳ್ಳಿ ತಿರುಗಿ ಬಳೆ ಇಡಿಸೋದು. ಹೊಟ್ಟೆಪಾಡು ಹೇಗೋ ನಡೀತಿತ್ತು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಒಂದಿನ ಮದುವೆ ಮನೆಗೆ ಹೊರಟಿದ್ದರು, ಮದುಮಗಳಿಗೆ ಹಸಿರು ಬಳೆ ಇಡಿಸೋದಿತ್ತು. ದಾರಿಯ ಎರೆಮಣ್ಣು ಹಿಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಗಾಲಿ ತಿರುಗದೆ ಗಾಡಿ ನಿಂತೇ ಬಿಟ್ಟಿತು. ಕಡ್ಡಿಯಿಂದ ಕೆರೆದು ಕೆರೆದು ದ್ಯಾಮವ್ವನಿಗೆ ಸಾಕಾಯಿತು.

"ಈ ಮಡ್‌ಗಾರ್ಡ್ ಒಂದು ಕಿತ್ತು ಒಗಿ ಅತ್ಲಾಗ. ಗಾಲಿ ತಿರಗಲಿ."

ಯಮನೂರಿ ನಟ್ಟು ಬಿಚ್ಚೋ ಪಾನಾ ತಗೊಂಡು ಕಿತ್ತ. ಕಿತ್ತು ಒಗೆದ. ಅತ್ಲಾಗೆ ತುಂಬಿ ಹರಿಯುತ್ತಿದ್ದ ಹಳ್ಳಕ್ಕೇ ಒಗೆದ. ದ್ಯಾಮವ್ವ ಬಾಯಿ ತೆಗೆಯೋದರೊಳಗೆ ಅದು ತಿರುವಿನಾಚೆ ಕೊಚ್ಚಿಹೋಗಿತ್ತು.

ಗಾಲಿಯೇನೋ ತಿರುಗಿತು. ತಿರುಗಿದ ಗಾಲಿ ದಾರಿಯ ಕೆಸರನ್ನೆಲ್ಲ ಎತ್ತಿ ಅವಳ ಬೆನ್ನಿಗೆ, ತುರುಬಿಗೆ ಬಡಿಯಿತು. ಮದುವೆ ಮನೆಯ ಯಜಮಾನಿ ಬಾಗಿಲಲ್ಲೇ ತಡೆದಳು. "ಹಿಂಗ ಬಂದು ಹುಡುಗಿ ಕೈ ಮುಟ್ತೀಯೇನು? ನೀ ಹೋಗವ್ವ, ಬ್ಯಾರೆಯವರನ್ನ ಕರಸ್ತೀವಿ." ಚಪ್ಪರದ ಕೆಳಗೆ ಕೂತವರು ನಕ್ಕರು. ಇಪ್ಪತ್ತು ವರ್ಷ ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡಿಸಿದವಳು ಬುಟ್ಟಿ ಬಿಚ್ಚದೆ ಹಿಂದಿರುಗಿದಳು.

"ನನ್ನ ಹೊಟ್ಟ್ಯಾಗ ಎಂಥಾವ ಹುಟ್ಟಿದ್ಯೋ," ಅಂತ ದಾರಿಯುದ್ದಕ್ಕೂ ಬೈದಳು. "ಹಿಂದ ಕೂತವರ ಬೆನ್ನಿಗೆ ಕೆಸರು ಹಾರದಂಗ ಏನರೆ ಅಡ್ಡ ಕಟ್ಟಬೇಕು. ತಿಳೀತಾ?"

"ತಿಳೀತವ್ವ. ಹಿಂದ ಕೂತವರ ಬೆನ್ನಿಗೆ ಕಟ್ಟಬೇಕು."

ಮುಂದಿನ ವಾರ ದ್ಯಾಮವ್ವನ ತಮ್ಮ ಹೊಳಿಯಪ್ಪ ಬಂದ. ಯಮನೂರಿ ಬಸ್‌ಸ್ಟ್ಯಾಂಡಿಗೆ ಹೋಗಿ, ಒಯ್ದಿದ್ದ ಹಳೇ ತಗಡೊಂದನ್ನು ಮಾವನ ಬೆನ್ನಿಗೆ ಹಗ್ಗದಿಂದ ಬಿಗಿದ. "ಅವ್ವ ಹೇಳ್ಯಾಳ ಮಾವ," ಅಂದ. ಮನೆಗೆ ಒಯ್ಯೋ ಸಾಮಾನಿರಬೇಕು ಅಂತ ಮಾವ ಬೆನ್ನು ಕೊಟ್ಟ. ಗಾಡಿ ಕುಲುಕಿದಂತೆಲ್ಲ ತಗಡು ಡಬಡಬ ಬಡಿಯಿತು. ಪ್ಯಾಟಿಯೊಳಗೆ ಅಂಗಡಿಯವರೆಲ್ಲ ಎದ್ದು ಹೊರಗೆ ಬಂದರು, ಮಕ್ಕಳು ಹಿಂದೆ ಓಡಿದವು.

ಹೊಳಿಯಪ್ಪ ಮನೆ ಮುಂದೆ ಇಳಿದು ಹಗ್ಗ ಬಿಚ್ಚಿಸಿಕೊಂಡ. ನೀರೂ ಕುಡಿಯಲಿಲ್ಲ.

"ಅಕ್ಕಾ, ನಿನ್ನ ನಂತರ ಇವನ್ನ ನಾ ಇಟ್ಕೋತೀನಿ ಅಂತ ಹೇಳಾಕ ಬಂದಿದ್ದೆ. ನನ್ನ ಕೈಲಿ ಆಗಂಗಿಲ್ಲ."

ಅವನು ಹೋದ ಮೇಲೆ ದ್ಯಾಮವ್ವ ಹೊಸ್ತಿಲ ಮೇಲೆ ಕೂತು ಅತ್ತಳು. ಅತ್ತು ಬೈದಳು. "ಮನಷ್ಯಾರಿಗೆ ಕಟ್ತಾರೇನೋ? ಗಾಡಿಗೆ ಹಾಕಬೇಕೋ." ಮರುದಿನ ಕಿವಿಯ ಬೆಂಡೋಲೆ ಮಾರಿ ಹೊಸ ಮಡ್‌ಗಾರ್ಡು ತಂದಳು. ಕೊಡುವಾಗ ಎರಡು ಸಲ ಹೇಳಿದಳು:

"ಇದಕ್ಕ ನನ್ನ ಬೆಂಡ್ವಾಲಿ ಹೋಗ್ಯಾವ. ಒಂದು ಹನಿ ನೀರು ತಾಗಿ ತುಕ್ಕು ಹಿಡೀಬಾರದು. ಜ್ವಾಪಾನ."

"ಒಂದು ಹನೀನೂ ತಾಗಂಗಿಲ್ಲವ್ವ," ಅಂದ ಯಮನೂರಿ. ಗಾಡಿಗೆ ಹಾಕಿ ದಿನಾ ಒರೆಸುತ್ತಿದ್ದ. ಒಂದಷ್ಟು ದಿನ ಮಳೆಯೂ ಬರಲಿಲ್ಲ. ಇನ್ನಾದರೂ ಇವನು ದಾರಿಗೆ ಬಂದನಲ್ಲ ಅಂತ ದ್ಯಾಮವ್ವ ಸಮಾಧಾನಪಟ್ಟಳು.

ಆಮೇಲೆ ಅವಳಿಗೆ ಜ್ವರ ಬಂತು. ಜ್ವರದ ಜೊತೆಗೇ ಮಳೆಯೂ ಬಂತು. ಮೂರನೇ ದಿನ ಮೈ ಕೆಂಡವಾಗಿ, "ನನ್ನ ದವಾಖಾನಿಗೆ ಒಯ್ಯೋ," ಅಂದಳು. ಯಮನೂರಿ ಮನೆಯಲ್ಲಿದ್ದ ಒಂದೇ ಕಂಬಳಿ ತಂದ. ನನಗೆ ಹೊದಿಸ್ತಾನೆ ಅಂದುಕೊಂಡಳು. ಅವನು ಅಂಗಳಕ್ಕೆ ಹೋಗಿ ಮಡ್‌ಗಾರ್ಡು ಬಿಚ್ಚಿದ, ಕಂಬಳಿಯಲ್ಲಿ ಸುತ್ತಿದ, ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ಎದೆಗೂ ಪೆಟ್ರೋಲ್ ಟಾಕಿಗೂ ನಡುವೆ ಇಟ್ಟುಕೊಂಡ. "ಹತ್ತವ್ವ," ಅಂದ. ಬೈಯೋಣ ಅಂದರೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ದವಾಖಾನೆ ತಲುಪುವವರೆಗೂ ಕೆಸರು ಬೆನ್ನಿಗೆ ಬಡಿಯುತ್ತಲೇ ಇತ್ತು.

ಅವಳನ್ನು ಮಲಗಿಸಿದ ಆಯಾ ಕೈ ಚಾಚಿದಳು. "ಆ ಕಂಬಳಿ ಕೊಡಪಾ, ಈಕಿ ನಡಗಾಕತ್ಯಾಳ."

"ಆಗಂಗಿಲ್ರೀ. ಇದು ಒದ್ದಿ ಆಗ್ತದ." ಯಮನೂರಿ ಕಂಬಳಿಯ ಅಂಚು ಸರಿಸಿ ತಾಯಿಗೆ ತೋರಿಸಿದ. ಅವನ ಅಂಗಿಯಿಂದ ನೀರು ಸುರಿಯುತ್ತಿತ್ತು. ಮಡ್‌ಗಾರ್ಡು ಮಾತ್ರ ಒಣಗಿ ಥಳಥಳ ಹೊಳೆಯುತ್ತಿತ್ತು. "ನೋಡವ್ವ, ಒಂದು ಹನೀನೂ ತಾಗಿಲ್ಲ."

ವಾರ್ಡಿನವರೆಲ್ಲ ನಕ್ಕರು. ಆಯಾನೂ ನಕ್ಕಳು. "ನಿನ್ನ ಮಗನೇನವ್ವ ಇಂವ?"

ದ್ಯಾಮವ್ವ ಗೋಡೆ ಕಡೆ ಹೊರಳಿದಳು.

"ಅಲ್ಲ. ನನಗ ಮಕ್ಕಳೇ ಇಲ್ಲ."

ಯಮನೂರಿ ಕೇಳಿಸಿಕೊಂಡ. ಅವ್ವನ ಮಾತನ್ನು ಅವನು ಯಾವತ್ತೂ ಸುಳ್ಳು ಅಂದವನಲ್ಲ. ಮೈತುಂಬ ಕೆಸರಾಗಿದ್ದ ಆ ಹೆಂಗಸನ್ನು ಇನ್ನೊಮ್ಮೆ ಬಗ್ಗಿ ನೋಡಿದ.

"ತಪ್ಪಾತ್ರೀ. ನೀವು ಮಲಕ್ಕೋರಿ," ಅಂದ. ಆಯಾನ ಕಡೆ ತಿರುಗಿ, "ಹಂಗಾರ ನಮ್ಮವ್ವ ಎಲ್ಲಿ ಅದಾಳ್ರೀ?" ಅಂತ ಕೇಳಿದ.

ಕಂಬಳಿ ಗಂಟು ಅವುಚಿಕೊಂಡು ಒಂದೊಂದೇ ಮಂಚದ ಹತ್ತಿರ ಹೋದ. "ನೀವು ನಮ್ಮವ್ವ ಏನ್ರೀ?" ಅಲ್ಲ ಅಂದರು. ಮುಂದಿನ ಮಂಚಕ್ಕೆ ಹೋದ. ಆ ದನಿ ದೂರ ದೂರ ಹೋಗೋದನ್ನು ದ್ಯಾಮವ್ವ ಕೇಳುತ್ತ ಮಲಗಿದ್ದಳು. ಕರೆಯಬೇಕು ಅಂತ ಬಾಯಿ ತೆರೆದಳು, ಹಲ್ಲು ಕಟಕಟ ಅಂದವೇ ಹೊರತು ಹೆಸರು ಹೊರಡಲಿಲ್ಲ. ಹೊರಗೆ ಗಾಡಿ ಒದ್ದು ಚಾಲೂ ಮಾಡಿದ ಸದ್ದಾಯಿತು. ಯಮನೂರಿ ಅವ್ವನನ್ನು ಹುಡುಕಿಕೊಂಡು ಮಳೆಯಲ್ಲಿ ಹೊರಟುಹೋದ.