ನೇಕಾರನ ಮನೆಯ ದೃಷ್ಟಿಬೊಟ್ಟು

"ಗುರುಗಳೇ, ಹೊಟ್ಟೆಕಿಚ್ಚು ಪಡುವವರಿಗೆ ಸಮಾಧಾನ ಹೇಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಯಾರ ಹೊಟ್ಟೆಯಲ್ಲಿ ಕಿಚ್ಚು?" ಎಂದರು ಗುರುಗಳು.

"ತಾವು ನನ್ನನ್ನು ಕಳಿಸಿದ ಮನೆಯ ತಾಯಿಯ ಹೊಟ್ಟೆಯಲ್ಲಿ. ಆಕೆಯ ಮಗ ಆರು ತಿಂಗಳಿನಿಂದ ಹಾಸಿಗೆ ಹಿಡಿದಿದ್ದಾನೆ. ನಾನು ಹೋಗಿ ಧೈರ್ಯದ ಮಾತು ಹೇಳಿದೆ. ಆಕೆ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ನನ್ನ ಕೈಕಾಲುಗಳನ್ನೇ ನೋಡುತ್ತಾ, 'ನಿನ್ನ ಹೆತ್ತವಳು ಪುಣ್ಯ ಮಾಡಿದ್ದಳಪ್ಪ' ಎಂದಳು. ಆ ನೋಟ ನನಗೆ ಸರಿಬರಲಿಲ್ಲ. ಎದ್ದು ಬಂದುಬಿಟ್ಟೆ."

ಗುರುಗಳು ನಕ್ಕರು. ನಗಬಾರದ ಕಡೆ ನಗುವುದು ಅವರ ಹಳೆಯ ಚಾಳಿ. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಕಂಬಳಿ ನೇಯುವ ಒಬ್ಬ ನೇಕಾರನಿದ್ದ. ಅವನ ಎದುರುಮನೆಯಲ್ಲಿ ಒಬ್ಬ ಬಳೆಗಾರ. ಇಬ್ಬರ ಮನೆಯಲ್ಲೂ ಒಂದೇ ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಐದು ವರ್ಷ ಎರಡೂ ಮಕ್ಕಳು ಕೂಡಿ ಆಡಿದವು. ಆರನೆಯ ವರ್ಷ ನೇಕಾರನ ಮಗಳಿಗೆ ಎದೆಯ ಕಾಯಿಲೆ ಬಂತು. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಿಗುತ್ತಿರಲಿಲ್ಲ. ವೈದ್ಯ ಬಂದು ನೋಡಿದ, ಔಷಧ ಕೊಟ್ಟ, ಮುಂದಿನ ಮಾತು ಆಡದೆ ಹೋದ.

ಮೊದಮೊದಲು ಕೇರಿಯವರು ಹಣ್ಣು ಹಿಡಿದು ಬಂದರು. ಮಗುವನ್ನು ಮಾತಾಡಿಸಿದರು. ಅವರ ಜೊತೆ ಬಂದ ಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದರು. ನೇಕಾರನ ಹೆಂಡತಿಯ ಕೈ ಹಣ್ಣು ತೆಗೆದುಕೊಂಡಿತು. ಕಣ್ಣು ಮಾತ್ರ ಅಂಗಳದಲ್ಲಿತ್ತು.

ಬಳೆಗಾರ ತನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವುದನ್ನು ನೋಡಲಾರದೆ ನೇಕಾರ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದ. ಅವನ ಹೆಂಡತಿ ಹಾಗಲ್ಲ. ಕಿಟಕಿಯಲ್ಲಿ ನಿಂತು ನೋಡಿದಳು. ಎದುರುಮನೆಯವಳು, "ಎಷ್ಟು ಓಡ್ತೀಯೇ, ಕೂರಬಾರದಾ" ಎಂದು ಮಗಳನ್ನು ಗದರಿದರೆ ಇವಳ ಕರುಳು ಉರಿಯುತ್ತಿತ್ತು. ಓಡುವ ಮಗಳನ್ನು ಗದರಲಿಕ್ಕೂ ಪುಣ್ಯ ಬೇಕು ಎಂದುಕೊಳ್ಳುತ್ತಿದ್ದಳು.

ಒಂದು ದಿನ ಅವಳಿಗೆ, ಈ ಹುಡುಗಿ ಒಮ್ಮೆ ಬೀಳಬಾರದೇ ಎನಿಸಿತು. ಅಷ್ಟರಲ್ಲಿ ಹುಡುಗಿ ಬಿದ್ದಳು. ಮಂಡಿ ಒಡೆದು ರಕ್ತ ಬಂತು. ಕಿಟಕಿಯಲ್ಲಿ ಯಾರು ನಿಂತಿದ್ದಾರೆಂದು ಕೇರಿಯ ಹೆಂಗಸರು ನೋಡಿಕೊಂಡರು.

ಮರುದಿನದಿಂದ ಆ ಮನೆಯ ಮುಂದೆ ಹಾಯುವ ಮಕ್ಕಳ ಕೆನ್ನೆಗೆಲ್ಲ ಕಾಡಿಗೆಯ ದೃಷ್ಟಿಬೊಟ್ಟು ಬಂತು. ಒಬ್ಬಳು ತನ್ನ ಎಮ್ಮೆಗೂ ಇಟ್ಟಳು. ಎಮ್ಮೆಯ ಮೇಲೆ ಅದು ಕಾಣುತ್ತಿತ್ತೇ ಎಂದು ನನ್ನನ್ನು ಕೇಳಬೇಡ. ನೇಕಾರನ ಹೆಂಡತಿ ಕರೆದು ಹುರಿಗಡಲೆ, ಬೆಲ್ಲ ಕೊಟ್ಟರೆ ಮಕ್ಕಳು ಅದನ್ನು ಓಣಿಯ ತಿರುವಿನವರೆಗೆ ಒಯ್ದು ಚೆಲ್ಲುತ್ತಿದ್ದರು. ಅದೂ ಅವಳಿಗೆ ಗೊತ್ತಾಯಿತು. ಜನ ಬರುವುದು ನಿಂತಿತು. ಗಂಡಹೆಂಡಿರ ನಡುವೆಯೂ ಮಾತು ನಿಂತಿತು.

ಹೀಗಿರುವಾಗ ಬಳೆಗಾರನ ಹೆಂಡತಿ ಮಗಳ ಕೈ ಹಿಡಿದುಕೊಂಡು ಅವರ ಮನೆಗೆ ಬಂದಳು. ಹುಡುಗಿಯ ಕೆನ್ನೆಯ ಮೇಲೆ ಅಜ್ಜಿ ಇಟ್ಟ ಬೊಟ್ಟು ಇನ್ನೂ ಹಸಿಯಾಗಿತ್ತು.

"ಬೈಯೋಕೆ ಬಂದೆಯಾ ಅಕ್ಕ? ಬೈ," ಎಂದಳು ನೇಕಾರನ ಹೆಂಡತಿ. "ನಾನೇ ನೋಡಿದ್ದು. ಬೀಳಲಿ ಅಂದುಕೊಂಡೆ, ಬಿದ್ದಳು. ಒಂದು ಗಳಿಗೆ ಹಾಯಾಯಿತು."

ಬಳೆಗಾರನ ಹೆಂಡತಿ ಗೋಡೆಗೆ ಒರಗಿ ಕುಳಿತಳು. "ಹನ್ನೆರಡು ವರ್ಷದಿಂದ ನಮ್ಮತ್ತೆಯನ್ನು ನಾನೂ ಹಾಗೇ ನೋಡ್ತಿದ್ದೀನಿ ಕಣೇ. ಇವತ್ತಿನವರೆಗೆ ಒಂದು ಸಲವೂ ಜಾರಿಬಿದ್ದಿಲ್ಲ. ನಿನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದರೆ ಒಂದು ದಿನದ ಮಟ್ಟಿಗೆ ಕೊಡು."

ನೇಕಾರನ ಹೆಂಡತಿ ನಗಲಿಲ್ಲ. "ನಾಳೆಯೂ ನೋಡ್ತೀನಿ. ನನ್ನ ಕೈಲಿ ತಡೆಯೋಕೆ ಆಗಲ್ಲ."

"ನೋಡು. ಕಿಟಕಿಯಿಂದ ಯಾಕೆ, ಹತ್ತಿರದಿಂದಲೇ ನೋಡು," ಎಂದು ಅವಳು ತನ್ನ ಮಗಳನ್ನು ಇವಳ ತೊಡೆಯ ಮೇಲೆ ಕೂರಿಸಿದಳು. ಆಮೇಲೆ ಹಾಸಿಗೆಯ ಕಡೆ ತಿರುಗಿದಳು. ಕಾಯಿಲೆಯ ಮಗುವಿನ ಕೂದಲು ದಿಂಬಿನ ತುಂಬ ಹರಡಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

"ನನ್ನ ಮಗಳದು ಇಲಿಬಾಲ. ಇದನ್ನು ಕಂಡಾಗಲೆಲ್ಲ ನನಗೂ ಹೊಟ್ಟೆ ಉರಿಯುತ್ತೆ ಕಣೇ," ಎಂದಳು. ತನ್ನ ಮಗಳ ಕೆನ್ನೆಯ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸಿ ತೆಗೆದು, ಆ ಮಗುವಿನ ಕೆನ್ನೆಗೆ ಒತ್ತಿದಳು. "ನನ್ನ ಕಣ್ಣು ತಾಗದಿರಲಿ."

ಕಾಯಿಲೆ ಬಂದ ಮೇಲೆ ಆ ಮಗುವಿಗೆ ಯಾರೂ ದೃಷ್ಟಿಬೊಟ್ಟು ಇಟ್ಟಿರಲಿಲ್ಲ. ಹೆತ್ತವಳೂ ಇಟ್ಟಿರಲಿಲ್ಲ. ನೇಕಾರನ ಹೆಂಡತಿ ಬಹಳ ಹೊತ್ತು ಆ ಬೊಟ್ಟನ್ನೇ ನೋಡಿದಳು. ಆಮೇಲೆ ಅತ್ತಳು. ಮಗ್ಗದ ಬಳಿ ಕೂತಿದ್ದ ನೇಕಾರ ಎದ್ದು ಹೋಗಿ ಹುರಿಗಡಲೆಯ ಡಬ್ಬಿ ತಂದು ನಡುವೆ ಇಟ್ಟ. ಮೊದಲ ಹಿಡಿಯನ್ನು ಬಳೆಗಾರನ ಹೆಂಡತಿ ತಾನೇ ಬಾಯಿಗೆ ಹಾಕಿಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮಗು ಗುಣವಾಯಿತೇ?" ಎಂದ ಶಿಷ್ಯ.

"ಹೋದ ವರ್ಷ ಈ ಕತೆ ಹೇಳಿದಾಗ ಗುಣವಾಗಿತ್ತು. ಅದಕ್ಕೂ ಹಿಂದೆ ಹೇಳಿದಾಗ ಆಗಿರಲಿಲ್ಲ. ಎದುರುಮನೆಯವಳು ಮಾತ್ರ ಎರಡು ಸಲವೂ ದಿನಾ ಬರುತ್ತಿದ್ದಳು."

"ಹಾಗಾದರೆ ನಾಳೆ ಹೋಗಿ ಆ ತಾಯಿಗೆ ನಾನು ಏನು ಹೇಳಲಿ?"

"ಅದಿರಲಿ, ಅವಳು ತಂದಿಟ್ಟ ಮಜ್ಜಿಗೆ ಕುಡಿದೆಯಾ?" ಎಂದರು ಗುರುಗಳು.